ಹೊಗಳಿಕೆಯೆಂಬ ಚಿನ್ನದ ಶೂಲ



ಜನರ ಹೊಗಳಿಕೆಯನ್ನು ಬಸವಣ್ಣನವರು ಚಿನ್ನದ ಶೂಲಕ್ಕೆ ಹೋಲಿಸಿದರು. ಹೊಗಳುವವರು ಶತ್ರುಗಳಲ್ಲ, ನಮ್ಮವರೇ. ಆಯುಧವೂ ಕಬ್ಬಿಣದ್ದಲ್ಲ, ಹೊಳೆಯುವ ಬಂಗಾರದ್ದು. ಆದರೆ ಶೂಲ ಶೂಲವೇ ಸರಿ. ಏರಿದವನ ಪ್ರಾಣವನ್ನು ಅದು ತೆಗೆಯದೆ ಬಿಡದು. ಎಂಟು ಶತಮಾನಗಳ ಹಿಂದೆ ಅಣ್ಣನವರು ಕಂಡ ಈ ಸತ್ಯಕ್ಕೆ ಸಾಕ್ಷಿಯಾಗಿ ದೂರದೇಶದ ಸಂಗೀತಗಾರರೊಬ್ಬರ ಆತ್ಮಕಥೆಯನ್ನು ಇಂದು ತಮ್ಮ ಮುಂದಿಡಬಯಸುತ್ತೇವೆ.

ಇಂಗ್ಲೆಂಡಿನ ಎರಿಕ್ ಕ್ಲಾಪ್ಟನ್ ಅವರು 1945ರಲ್ಲಿ ರಿಪ್ಲೆ ಎಂಬ ಹಳ್ಳಿಯಲ್ಲಿ ಜನಿಸಿದವರು. ಪಾಶ್ಚಾತ್ಯ ತರುಣರ ಮನಸೂರೆಗೊಂಡ ರಾಕ್ ಸಂಗೀತದಲ್ಲಿ ಅವರ ಗಿಟಾರ್ ವಾದನಕ್ಕೆ ಎಂತಹ ಕೀರ್ತಿ ಬಂದಿತೆಂದರೆ, ಅವರಿಗೆ ಇಪ್ಪತ್ತು ತುಂಬಿದ ಸುಮಾರಿಗೆ ಲಂಡನ್ನಿನ ಗೋಡೆಯ ಮೇಲೆ 'ಕ್ಲಾಪ್ಟನ್ನನೇ ದೇವರು' ಎಂದು ಅಭಿಮಾನಿಗಳು ಬರೆದರು. ಆ ಬರಹವು ಅವರನ್ನು ಕಾಯಲಿಲ್ಲ. 1970ರ ದಶಕದ ಆರಂಭದಲ್ಲಿ ಹೆರಾಯಿನ್ ಎಂಬ ಘೋರ ಮಾದಕವಸ್ತುವಿಗೆ ಅವರು ವಶರಾದರು. ಅದನ್ನು ಬಿಡುವಷ್ಟರಲ್ಲಿ ಮದ್ಯವು ಅದರ ಸ್ಥಾನವನ್ನು ಆಕ್ರಮಿಸಿತು. 1982ರಲ್ಲಿ ಪಡೆದ ಚಿಕಿತ್ಸೆಯೂ ನಿಲ್ಲಲಿಲ್ಲ; ಮತ್ತೆ ಕುಡಿತಕ್ಕೆ ಬಿದ್ದರು. ಹಣವಿತ್ತು, ಹೆಸರಿತ್ತು, ಬೇಡವೆನ್ನುವ ಬಲವೊಂದಿರಲಿಲ್ಲ.

1987ರಲ್ಲಿ ಎರಡನೆಯ ಬಾರಿ ಚಿಕಿತ್ಸೆಗೆ ಹೋದಾಗ ನಡೆದುದನ್ನು ಅವರು 2007ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಒಂದು ದಿನ ತನ್ನ ಕೈಯಲ್ಲಿ ಏನೂ ಆಗದೆಂದು ತಿಳಿದು ಮಂಡಿಯೂರಿ ನೆರವು ಬೇಡಿದರಂತೆ. ಯಾರನ್ನು ಕರೆಯುತ್ತಿರುವೆನೆಂಬುದೂ ಆ ಕ್ಷಣದಲ್ಲಿ ಅವರಿಗೆ ಸ್ಪಷ್ಟವಿರಲಿಲ್ಲ. ಅಂದಿನಿಂದ ಬೆಳಿಗ್ಗೆ ಬೇಡಿಕೆ, ರಾತ್ರಿ ಕೃತಜ್ಞತೆ ಎಂಬ ನಿಯಮವನ್ನು ತಪ್ಪಿಸಲಿಲ್ಲವೆಂದು ಬರೆದಿದ್ದಾರೆ. 1991ರಲ್ಲಿ ನಾಲ್ಕು ವರ್ಷದ ಮಗನು ಎತ್ತರದ ಕಟ್ಟಡದ ಕಿಟಕಿಯಿಂದ ಬಿದ್ದು ತೀರಿಕೊಂಡ ಮಹಾದುಃಖದಲ್ಲಿಯೂ ಅವರು ಮತ್ತೆ ಬಟ್ಟಲನ್ನು ಮುಟ್ಟಲಿಲ್ಲ. 1998ರಲ್ಲಿ ಆಂಟಿಗುವಾ ದ್ವೀಪದಲ್ಲಿ ವ್ಯಸನಿಗಳಿಗಾಗಿ ಚಿಕಿತ್ಸಾಲಯವನ್ನು ಸ್ಥಾಪಿಸಿ, ಮರುವರ್ಷ ತಮ್ಮ 100 ಗಿಟಾರುಗಳನ್ನು ಹರಾಜು ಮಾಡಿ ಬಂದ ಹಣವನ್ನು ಅದಕ್ಕೆ ಕೊಟ್ಟರು. ತನಗೆ ಕೀರ್ತಿ ತಂದ ವಸ್ತುವನ್ನೇ ಇತರರ ಉದ್ಧಾರಕ್ಕೆ ಸಲ್ಲಿಸುವುದು ದಾಸೋಹವಲ್ಲದೆ ಮತ್ತೇನು? ದೇವರೆನಿಸಿಕೊಂಡಾಗ ಕೆಟ್ಟ ಬದುಕು, ಬಾಗಿದಾಗ ನೆಟ್ಟಗಾಯಿತು.

ಕೀರ್ತಿ ಬಂದವರೆಲ್ಲರೂ ಕೆಡಲೇಬೇಕೆಂಬ ನಿಯಮವೇನಿಲ್ಲ. ಧಾರವಾಡದ ಸಮೀಪದ ಮನಸೂರಿನಲ್ಲಿ 1910ರಲ್ಲಿ ಜನಿಸಿದ ಪಂಡಿತ ಮಲ್ಲಿಕಾರ್ಜುನ ಮನಸೂರರು ತಮ್ಮ ಆತ್ಮಕಥೆಗೆ 'ನನ್ನ ರಸಯಾತ್ರೆ' ಎಂದು ಹೆಸರಿಟ್ಟರು. ಗ್ರಾಮಫೋನ್ ತಟ್ಟೆಗಳಿಂದ ಹೆಸರು ಹಬ್ಬಿದ ಮೇಲೆಯೂ ಅವರು ಮಂಜಿಖಾನರ ಪಾದದಡಿ ಹೊಸ ಶಿಷ್ಯನಂತೆ ಕುಳಿತು ಕಲಿತರು. 1992ರಲ್ಲಿ ಲಿಂಗೈಕ್ಯರಾಗುವವರೆಗೂ ಧಾರವಾಡದ ಮುರುಘಾಮಠದ ಭಕ್ತರಾಗಿ, ವಚನಗಾಯಕರಾಗಿ ಬಾಳಿದರು. ತನ್ನ ದೇಹವೇ ವೀಣೆಯಾಗಲಿ, ದೇವನು ಅದನ್ನೆತ್ತಿ ನುಡಿಸಲಿ ಎಂದು ಬಸವಣ್ಣನವರು ಬೇಡಿದರಷ್ಟೆ. ನಾದ ವೀಣೆಯದು, ನುಡಿಸುವ ಕೈ ಬೇರೆ ಎಂಬ ಈ ಅರಿವಿದ್ದವರಿಗೆ ಹೊಗಳಿಕೆಯು ಶೂಲವಾಗದು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಗೃಹಸ್ಥರೇ, 'ನಾವು ಸಂಗೀತಗಾರರಲ್ಲ, ನಮಗೆಲ್ಲಿಯ ಕೀರ್ತಿ?' ಎಂದು ತಾವು ಕೇಳಬಹುದು. ಮನೆತನದ ಮಾನವೆಂಬ ಕೀರ್ತಿ ನಮ್ಮೆಲ್ಲರಿಗೂ ಇದೆ. ಅಡಿಕೆಗೆ ಬೆಲೆ ಬಂದ ವರ್ಷ ಸಂತೋಷಕ್ಕೆಂದು ಸೀಸೆ ಮನೆಯೊಳಗೆ ಬರುತ್ತದೆ. ಹಳದಿ ಎಲೆ ರೋಗ ತೋಟವನ್ನು ತಿಂದ ವರ್ಷ ದುಃಖಕ್ಕೆಂದು ಬರುತ್ತದೆ. ಬಂದುದು ಹೋಗುವುದಿಲ್ಲ. ಮಗನು ಕುಡಿಯುತ್ತಾನೆಂಬುದು ಊರಿಗೆಲ್ಲ ತಿಳಿದಿದ್ದರೂ ಮನೆಯವರು ಮಾತ್ರ ಬಾಯಿ ಬಿಡರು. 'ನಾಲ್ಕು ಜನರ ಮುಂದೆ ತಲೆತಗ್ಗಿಸುವುದು ಹೇಗೆ?' ಎಂಬ ಅಂಜಿಕೆ. ಸೊಸೆ ಸೆರಗಿನಲ್ಲಿ ಕಣ್ಣೊರಸಿಕೊಳ್ಳುತ್ತಾಳೆ, ತಾಯಿ ಬಾಗಿಲು ಮುಚ್ಚುತ್ತಾಳೆ, ತಂದೆ ಸಾಲ ತೀರಿಸುತ್ತಾನೆ. ಮಾನವನ್ನು ಉಳಿಸಹೋಗಿ ಮಗನನ್ನು ಕಳೆದುಕೊಳ್ಳುತ್ತೇವೆ. ಇದೂ ಆ ಚಿನ್ನದ ಶೂಲವೇ.

ಆದುದರಿಂದ ಬಾಗಿಲು ತೆರೆಯಿರಿ. ವ್ಯಸನವು ರೋಗವೆಂದು ತಿಳಿದು ವೈದ್ಯರಲ್ಲಿಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ಚಿಕಿತ್ಸೆಯಿದೆ. ಧರ್ಮಸ್ಥಳದ ವತಿಯಿಂದ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳು ನಡೆದಿವೆ. ಒಮ್ಮೆ ಬಿಟ್ಟವನು ಮತ್ತೆ ಬಿದ್ದರೆ ಹಳಿಯಬೇಡಿ; ಎರಡನೆಯ ಸಲ ಎದ್ದವರ ಕಥೆಯನ್ನು ಈಗಷ್ಟೇ ಕೇಳಿದಿರಿ. ಪ್ರಸಾದದ ಪಂಕ್ತಿಯಲ್ಲಿ ಅವನಿಗೂ ಎಲೆ ಹಾಕಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೆಳಿಗ್ಗೆ ಕರಸ್ಥಲದಲ್ಲಿ ಇಷ್ಟಲಿಂಗವನ್ನು ಇರಿಸಿಕೊಂಡಾಗ ಅವನ ಹೆಸರನ್ನೂ ನೆನೆಯಿರಿ. 'ನನ್ನಿಂದಾಗದು, ಕೈಹಿಡಿ' ಎಂದು ಹೇಳಬಲ್ಲವನೇ ಶರಣ. ಆ ಮಾತನ್ನು ಮೊದಲು ಹಿರಿಯರಾದ ನಾವು ಕಲಿತರೆ ಮಕ್ಕಳು ನಮ್ಮಿಂದ ಕಲಿತಾರು.

ಸರ್ವರ ಮನೆಗಳಲ್ಲಿ ಈ ವಿನಯವು ನೆಲೆಸಲೆಂದು ಹಾರೈಸುತ್ತೇವೆ. ಶುಭವಾಗಲಿ.