ಬುಟ್ಟಿ, ರೊಟ್ಟಿ, ಅಳತೆಪಟ್ಟಿ: ಕ್ರೈಸ್ತ ಪರಂಪರೆಯಲ್ಲಿ ಕನಸಿನ ವಸ್ತುಗಳು

ಬೈಬಲಿನ ಕನಸುಗಳಲ್ಲಿ ದೇವದೂತರ ಜೊತೆಗೆ ಹೊಲದ, ಅಡುಗೆಮನೆಯ ಸಾಮಾನುಗಳೂ ಬರುತ್ತವೆ. ಆದಿಕಾಂಡದ 40ನೆಯ ಅಧ್ಯಾಯದಲ್ಲಿ ಐಗುಪ್ತದ ಸೆರೆಮನೆಯಲ್ಲಿದ್ದ ಇಬ್ಬರು ಅರಮನೆಯ ನೌಕರರಿಗೆ ಒಂದೇ ರಾತ್ರಿ ಕನಸು ಬೀಳುತ್ತದೆ. ಪಾನಸೇವಕನು ಮೂರು ಕೊಂಬೆಯ ದ್ರಾಕ್ಷಿಬಳ್ಳಿಯನ್ನು ಕಂಡು, ಹಣ್ಣು ಹಿಂಡಿ ಬಟ್ಟಲನ್ನು ಫರೋಹನ ಕೈಗೆ ಕೊಡುತ್ತಾನೆ. ರೊಟ್ಟಿ ಸುಡುವವನ ತಲೆಯ ಮೇಲೆ ಮೂರು ಬುಟ್ಟಿಗಳಿವೆ. ಮೇಲಿನ ಬುಟ್ಟಿಯ ತಿನಿಸು ಹಕ್ಕಿಗಳ ಪಾಲಾಗುತ್ತದೆ. ಅದೇ ಸೆರೆಯಲ್ಲಿದ್ದು ಈ ಕನಸುಗಳನ್ನು ಬಿಡಿಸಿದ ಯೋಸೇಫನ ಲೆಕ್ಕದಲ್ಲಿ ಕೊಂಬೆಯೂ ಬುಟ್ಟಿಯೂ ಮೂರು ದಿನಗಳೇ. ಆದರೂ ಒಬ್ಬನಿಗೆ ಹಳೆಯ ಹುದ್ದೆ ಮರಳುತ್ತದೆ, ಇನ್ನೊಬ್ಬನಿಗೆ ಮರಣದಂಡನೆಯಾಗುತ್ತದೆ. ಬಟ್ಟಲು ಅರಸನ ಕೈ ತಲುಪಿತು, ರೊಟ್ಟಿ ತಲುಪಲಿಲ್ಲ. ಕನಸಿನ ಅರ್ಥ ದೇವರಿಗೆ ಸೇರಿದ್ದು ಎಂದು ಯೋಸೇಫನು ಮೊದಲೇ ಹೇಳಿರುತ್ತಾನೆ.

ನ್ಯಾಯಸ್ಥಾಪಕರು 7ರಲ್ಲಿ ಮಿದ್ಯಾನ್ಯರ ಸೈನಿಕನೊಬ್ಬನು ಜವೆಗೋದಿಯ ರೊಟ್ಟಿಯೊಂದು ಉರುಳಿ ಬಂದು ಡೇರೆಯನ್ನು ಕೆಡವಿದ್ದನ್ನು ಕಾಣುತ್ತಾನೆ. ಅದು ಇಸ್ರಾಯೇಲ್ಯರ ನಾಯಕ ಗಿದ್ಯೋನನ ಕತ್ತಿ ಎಂದು ಜೊತೆಗಾರ ತಟ್ಟನೆ ಹೇಳುತ್ತಾನೆ. ಜವೆಗೋದಿ ಬಡವರ ಆಹಾರ. ಇಸ್ರಾಯೇಲ್ಯರ ಬೆಳೆಯನ್ನು ವರ್ಷ ವರ್ಷವೂ ದೋಚುತ್ತಿದ್ದವರು ಡೇರೆಗಳಲ್ಲಿ ಬೀಡುಬಿಟ್ಟಿದ್ದ ಮಿದ್ಯಾನ್ಯರು. ಈ ಹಗೆತನ ಗೊತ್ತಿದ್ದವರಿಗೆ ಕನಸು ಬಿಡಿಸಲು ಯಾವ ಗ್ರಂಥವೂ ಬೇಕಿರಲಿಲ್ಲ.

ಹೊಸ ಒಡಂಬಡಿಕೆಯ ಯೋಸೇಫನ, ಎಂದರೆ ಮರಿಯಳ ಪತಿಯ, ಕನಸುಗಳಲ್ಲಿ ಸಂಕೇತಗಳಿಲ್ಲ. ದೂತನು ನೇರವಾಗಿಯೇ ಆಜ್ಞೆ ಕೊಡುತ್ತಾನೆ.

ವಸ್ತುವೊಂದು ಸಂಕೇತವಾಗಿ ಬರುವ ಕನಸಿಗೆ ಮುಂದಿನ ಶತಮಾನಗಳ ಅತ್ಯುತ್ತಮ ಉದಾಹರಣೆ ಸಂತ ಅಗಸ್ಟೀನನ ‘ಕನ್ಫೆಷನ್ಸ್’ನ ಮೂರನೆಯ ಭಾಗದಲ್ಲಿದೆ. ಮಗ ಮಾನಿ ಮತಕ್ಕೆ ಸೇರಿದ ದುಃಖದಲ್ಲಿದ್ದ ತಾಯಿ ಮೋನಿಕಾ ಕನಸಿನಲ್ಲಿ ಮರದ ಅಳತೆಪಟ್ಟಿಯ ಮೇಲೆ ನಿಂತಿರುತ್ತಾಳೆ. ತಿರುಗಿ ನೋಡಿದರೆ ಮಗನೂ ಅದರ ಮೇಲೆಯೇ ಇದ್ದಾನೆ. ತಾಯಿಯೇ ತನ್ನ ಮತಕ್ಕೆ ಬರುವಳೆಂದು ಅಗಸ್ಟೀನ್ ಅರ್ಥ ಹೇಳಿದ. ನೀನಿರುವಲ್ಲಿ ಅವನು ಎಂದು ಕನಸಿನಲ್ಲಿ ಕೇಳಿಸಿತೇ ಹೊರತು ಅವನಿರುವಲ್ಲಿ ನೀನು ಎಂದಲ್ಲ ಎಂದು ಆಕೆ ಕೂಡಲೇ ಉತ್ತರಿಸಿದಳು. ಕನಸಿಗಿಂತ ಈ ಉತ್ತರವೇ ತನ್ನನ್ನು ಹೆಚ್ಚು ಅಲುಗಿಸಿತೆಂದು ಮಗ ಬರೆದಿದ್ದಾನೆ. ಅವನು ಮಿಲಾನಿನಲ್ಲಿ ದೀಕ್ಷಾಸ್ನಾನ ಪಡೆದದ್ದು 387ರಲ್ಲಿ.

ಕ್ರೈಸ್ತಸಭೆಯ ಚಿಂತಕರು ವಸ್ತುವಿನ ಅರ್ಥಕ್ಕಿಂತ ಕನಸಿನ ಮೂಲದ ಬಗ್ಗೆ ಹೆಚ್ಚು ತಲೆಕೆಡಿಸಿಕೊಂಡರು. ಪೋಪ್ ಮಹಾ ಗ್ರೆಗೊರಿ ಆರು ಮೂಲಗಳನ್ನು ಹೇಳುತ್ತಾನೆ. ಮೊದಲ ಎರಡು ತುಂಬಿದ ಹೊಟ್ಟೆ ಮತ್ತು ಖಾಲಿ ಹೊಟ್ಟೆ. ದೈವಪ್ರಕಟಣೆ ಕೊನೆಯ ಎರಡರಲ್ಲಿ ಮಾತ್ರ ಬರುತ್ತದೆ. ಸಾಮಾನ್ಯ ಜನಕ್ಕೆ ಈ ಎಚ್ಚರಿಕೆ ಸಾಲದಾಯಿತು. ಇಂಥ ವಸ್ತು ಕಂಡರೆ ಇಂಥ ಫಲ ಎಂದು ಪಟ್ಟಿಮಾಡಿದ, ಪ್ರವಾದಿ ದಾನಿಯೇಲನ ಹೆಸರು ಹೊತ್ತ ಪುಸ್ತಕವೊಂದು ಮಧ್ಯಯುಗದ ಯುರೋಪಿನಲ್ಲಿ ಧಾರಾಳವಾಗಿ ಓಡಾಡಿತು. ಸುಮಾರು 1140ರಲ್ಲಿ ಗ್ರೇಷಿಯನ್ ಸಂಕಲಿಸಿದ ಸಭಾಶಾಸನ ಅದನ್ನು ಸುಳ್ಳು ಹೆಸರಿನದೆಂದು ಖಂಡಿಸಿತು. 1159ರಲ್ಲಿ ಸಾಲಿಸ್‌ಬರಿಯ ಜಾನ್ ಕೂಡ ಅದನ್ನು ತಳ್ಳಿಹಾಕಿದ.

ವಾಹನ ಎಂದರೆ ಸೇವೆ, ಮನೆ ಎಂದರೆ ಬದುಕು, ಬೀಗದ ಕೈ ಎಂದರೆ ಅಧಿಕಾರ ಎಂದು ವಿವರಿಸುವ ಕ್ರೈಸ್ತ ಕೈಪಿಡಿಗಳು ಇಂದಿಗೂ ಮಾರಾಟವಾಗುತ್ತವೆ. ಬೈಬಲಿನಲ್ಲಿ ಅಂಥ ಪಟ್ಟಿ ಎಲ್ಲಿಯೂ ಇಲ್ಲ.