ಹವ್ಯಾಸದ ಬೆಲೆ ಯಾರದು?

ಬಿಡುವಿನ ವೇಳೆ ಹೇಗೆ ಕಳೆಯಬೇಕೆಂಬುದು ನಮ್ಮ ಸ್ವಂತ ವಿಷಯವೆಂದು ನಾವು ಭಾವಿಸುತ್ತೇವೆ. ಆದರೆ ಅದರ ಬೆಲೆ ತೆರುವವರು ಯಾರು?

ಕುದುರೆ ಓಡುವುದರಲ್ಲಿ ತಪ್ಪಿಲ್ಲ. ಪ್ರವಾದಿವರ್ಯರೇ(ಸ) ಮದೀನಾದಲ್ಲಿ ಕುದುರೆ ಓಟ ಏರ್ಪಡಿಸಿದ್ದರು. ಕೇಡಿರುವುದು ಬಾಜಿಯಲ್ಲಿ. ರೇಸು ಬರೀ ಅದೃಷ್ಟದಾಟವಲ್ಲ, ಕೌಶಲದ ಆಟವೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಕಾನೂನು ಒಪ್ಪಿದ ಮಾತ್ರಕ್ಕೆ ಮನಸ್ಸಾಕ್ಷಿಯ ಪ್ರಶ್ನೆ ಮುಗಿಯುವುದಿಲ್ಲ. ಎಷ್ಟೇ ಕೌಶಲವಿರಲಿ, ಗೆದ್ದವನ ಕೈಸೇರುವುದು ಸೋತವರ ಹಣ. ಹಲವೊಮ್ಮೆ ಅವರ ಮಕ್ಕಳ ಅನ್ನ.

ಬೆಂಗಳೂರಿನ ರೇಸ್‌ಕೋರ್ಸಿನಿಂದ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ಬಹಳ ದೂರವೇನಿಲ್ಲ. ಅಲ್ಲಿ ಒಬ್ಬ ಓದಿ ಹಿಂದಿರುಗಿಸಿದ ಪುಸ್ತಕ ಇನ್ನೊಬ್ಬನಿಗಾಗಿ ಕಾದಿರುತ್ತದೆ. ನಾವು ಪಡೆದ ಅರಿವು ಯಾರ ಪಾಲಿನಿಂದಲೂ ಕಳೆಯುವುದಿಲ್ಲ.

ಹವ್ಯಾಸ ಆರಿಸಿಕೊಳ್ಳುವಾಗ ಇಷ್ಟನ್ನು ಕೇಳಿಕೊಳ್ಳೋಣ: ನಮ್ಮ ಸಂತೋಷಕ್ಕಾಗಿ ಇನ್ನೊಂದು ಮನೆ ಬರಿದಾಗಬೇಕೇ?