ನೀರಿಟ್ಟು ಹೋಗುವ ದಾರಿ

ಅರ್ಜೆಂಟೀನಾದ ದಕ್ಷಿಣದಲ್ಲಿರುವ ಸಾಂತಾ ಕ್ರೂಸ್ ಪ್ರಾಂತ್ಯ ಕರ್ನಾಟಕಕ್ಕಿಂತ ದೊಡ್ಡದು, ಸುಮಾರು 2,44,000 ಚದರ ಕಿಲೋಮೀಟರ್. ಜನಸಂಖ್ಯೆ ಮಾತ್ರ ಮೂರೂವರೆ ಲಕ್ಷ ದಾಟದು. ಅವರಲ್ಲೂ ಬಹುಪಾಲು ಮಂದಿ ಬೆರಳೆಣಿಕೆಯ ಪಟ್ಟಣಗಳಲ್ಲಿದ್ದಾರೆ. ಉಳಿದಂತೆ ಕೊಯ್ರೋನ್ ಹುಲ್ಲು, ಬಿಡುವಿಲ್ಲದ ಗಾಳಿ, ಲಾಮಾದಂಥ ಕಾಡುಪ್ರಾಣಿ ಗ್ವನಾಕೊಗಳ ಹಿಂಡು. ಇವುಗಳ ನಡುವೆ ಹಾಯುವ ನಲವತ್ತನೇ ನಂಬರಿನ ಹೆದ್ದಾರಿ ಉತ್ತರದ ಬೊಲಿವಿಯಾ ಗಡಿಯಿಂದ ಇಲ್ಲಿಯವರೆಗೆ 5,000 ಕಿಲೋಮೀಟರಿಗೂ ಹೆಚ್ಚು ಉದ್ದ. ಇದರ ಅಂಚಿನಲ್ಲಿ ಚೀಲ ಇಳಿಸಿ, ಹೆಬ್ಬೆರಳು ಚಾಚಿ, ಲಿಫ್ಟಿಗಾಗಿ ಕಾಯುವ ಬಡ ಪ್ರವಾಸಿಗಳಿದ್ದಾರೆ.

ಹಾಗೆ ಕಾಯುವುದನ್ನು ನಾನು ಕಾಲಹರಣ ಎನ್ನಲಾರೆ. ಬಸ್ಸಿನ ಕಿಟಕಿಯಲ್ಲಿ ಬರಿಯ ಬಯಲಾಗಿ ಸರಿದುಹೋಗುವ ನೆಲ, ನಿಂತವನ ಕಣ್ಣಿಗೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ಮೇಯುತ್ತಿರುವ ಗ್ವನಾಕೊಗಳಿಂದ ತುಸು ದೂರ, ದಿಬ್ಬದ ಮೇಲೆ, ಗಂಡೊಂದು ಕಾವಲು ನಿಂತಿರುವುದು ಆಗಷ್ಟೇ ಗಮನಕ್ಕೆ ಬರುತ್ತದೆ. ಜಲ್ಲಿರಸ್ತೆಯಲ್ಲಿ ಗಾಡಿಗಿಂತ ಎಷ್ಟೋ ಮೊದಲು ಅದರ ಧೂಳು ಕಾಣುತ್ತದೆ. ಆ ಧೂಳು ಹತ್ತಿರವಾಗುವ ತನಕ ಮನಸ್ಸಿನಲ್ಲಿ ಏನೆಲ್ಲ ಹಾದುಹೋಗುತ್ತದೆ!

ಗಡಿಯಾಚೆ, ಚಿಲಿಯಲ್ಲಿ, ಕಾರ್ರೆತೆರಾ ಔಸ್ತ್ರಾಲ್ ಎಂಬ ರಸ್ತೆಯಿದೆ. ಪುಯೆರ್ತೊ ಮೊಂತ್ತ್‌ನಿಂದ ವಿಯಾ ಓಹಿಗ್ಗಿನ್ಸ್‌ವರೆಗೆ ಸುಮಾರು 1,240 ಕಿಲೋಮೀಟರ್. ಕಾಡು, ಹಿಮನದಿ, ಕಡಲಕೊರಕಲುಗಳ ಆ ಸೀಮೆಯವರು ಒಂದು ಕಾಲಕ್ಕೆ ತಮ್ಮದೇ ದೇಶದ ಉತ್ತರಕ್ಕೆ ಹೋಗಲು ಹಡಗು ಹಿಡಿಯಬೇಕಿತ್ತು, ಇಲ್ಲವೇ ಅರ್ಜೆಂಟೀನಾ ಬಳಸಿ ಬರಬೇಕಿತ್ತು. ಪಿನೊಚೆ ಸರ್ವಾಧಿಕಾರದಲ್ಲಿ, 1976ರಲ್ಲಿ, ಸೈನಿಕರನ್ನು ಹಚ್ಚಿ ಕೆಲಸ ಶುರುಮಾಡಿಸಿದರು. ಗಡಿಯ ನೆಲ ಕೈತಪ್ಪೀತೆಂಬ ಅಳುಕೂ ಅದರ ಹಿಂದಿತ್ತು. ರಸ್ತೆ ಕೊನೆಯ ಊರು ಮುಟ್ಟಿದ್ದು 2000ದಲ್ಲಿ. ನೆರೆಯವನ ಮೇಲಿನ ಗುಮಾನಿಯಿಂದ ಕಡಿದ ದಾರಿಯಲ್ಲಿ ಇಂದು ಹೆಸರು ಗೊತ್ತಿಲ್ಲದವರನ್ನು ಪಿಕಪ್ಪಿನ ಹಿಂಬದಿಗೆ ಹತ್ತಿಸಿಕೊಳ್ಳುತ್ತಾರೆ. ಪುಯೆರ್ತೊ ಯುಂಗಾಯ್‌ನಲ್ಲಿ ರಸ್ತೆಯೇ ನೀರಿಗೆ ಮುಗಿಯುತ್ತದೆ. ಎಲ್ಲ ವಾಹನಗಳೂ ಒಂದೇ ದೋಣಿಗೆ ಕಾಯಬೇಕು. ಆಚೆ ದಡದಲ್ಲಿ ಊರಿಲ್ಲ. ಹಾಗಾಗಿ ಕಾಲ್ನಡೆಯವರು ದೋಣಿಯಲ್ಲೇ ವಾಹನದವರನ್ನು ಮಾತಾಡಿಸಿ, ಮುಂದಿನ ದಾರಿಗೆ ಜಾಗ ಕೇಳಿಕೊಳ್ಳುತ್ತಾರೆ.

ಗಾಡಿ ಏಕೆ ನಿಲ್ಲುತ್ತದೆ? ಒಂಟಿ ಚಾಲಕನಿಗೆ ಮಾತಿಗೊಬ್ಬರು ಬೇಕು, ತಾನೂ ಒಮ್ಮೆ ಹೀಗೆ ನಿಂತಿದ್ದ ನೆನಪಿರುತ್ತದೆ ಎನ್ನಬಹುದು. ನಿಜವೇ ಇರಬೇಕು. ಆದರೂ ಈ ಕಾರಣಗಳಲ್ಲಿ ನನ್ನ ಬೆರಗು ಕರಗುವುದಿಲ್ಲ. ಬ್ರೇಕಿನ ಮೇಲೆ ಕಾಲಿಡುವ ಆ ಗಳಿಗೆಯಲ್ಲಿ ಅವನಿಗೆ ನನ್ನ ಬಗ್ಗೆ ಗೊತ್ತಿರುವುದು ಒಂದೇ: ಇವನು ದಾರಿಯಲ್ಲಿದ್ದಾನೆ. ಹತ್ತಿ ಕೂತ ಮೇಲೆ ಸೋರೆಬುರುಡೆಯಲ್ಲಿ ಯೆರ್ಬಾ ಎಲೆಗೆ ಬಿಸಿನೀರು ಹೊಯ್ದು ಮುಂದೆ ಚಾಚುತ್ತಾರೆ. ಎಲ್ಲರಿಗೂ ಅದೇ ಬುರುಡೆ, ಅದೇ ಲೋಹದ ಕೊಳವೆ. ಎಂಜಲಿನ ಮಡಿ ಕಲಿತು ಬೆಳೆದ ನಮ್ಮಂಥವರಿಗೆ ಆ ಮೊದಲ ಗುಟುಕು ಸಣ್ಣ ಸಂಗತಿಯಲ್ಲ.

ಅರ್ಜೆಂಟೀನಾದ ರಸ್ತೆಗಳ ಬದಿಯಲ್ಲಿ, ಹತ್ತಿರದಲ್ಲೆಲ್ಲೂ ಮನೆಯಿಲ್ಲದ ಕಡೆ, ನೀರು ತುಂಬಿದ ಬಾಟಲಿಗಳ ರಾಶಿ ಕಾಣುತ್ತದೆ. ದಿಫುಂತಾ ಕೊರ್ರೆಯಾಳ ಗುಡಿಗಳವು. ಐತಿಹ್ಯದ ಪ್ರಕಾರ, 1840ರ ಸುಮಾರಿನ ಅಂತರ್ಯುದ್ಧದಲ್ಲಿ ಬಲವಂತವಾಗಿ ದಂಡಿಗೆ ಒಯ್ಯಲ್ಪಟ್ಟ ಗಂಡನನ್ನು ಹುಡುಕುತ್ತ ಆಕೆ ಹಸುಗೂಸಿನೊಂದಿಗೆ ಸಾನ್ ಹುವಾನ್‌ನ ಮರುಭೂಮಿ ಹೊಕ್ಕಳು, ನೀರಡಿಸಿ ಸತ್ತಳು. ದಾರಿಹೋಕರು ಕಂಡಾಗ ಕೂಸು ಅವಳ ಎದೆಹಾಲು ಕುಡಿಯುತ್ತ ಬದುಕಿತ್ತು. ಚರ್ಚು ಅವಳನ್ನು ಸಂತಳೆಂದು ಒಪ್ಪಿಲ್ಲ. ಲಾರಿ ಚಾಲಕರು ಒಪ್ಪಿದ್ದಾರೆ.

ನಮ್ಮ ಅರವಟ್ಟಿಗೆಯಲ್ಲಿ ಬಾಯಾರಿದವನು ಎದುರಿಗೇ ನಿಂತಿರುತ್ತಾನೆ. ಇಲ್ಲಿ ಬಾಯಾರಿದವಳು ತೀರಿಹೋಗಿ ನೂರಾ ಎಂಬತ್ತು ವರ್ಷ ದಾಟಿತು. ಆದರೂ ಸರಕು ತಲುಪಿಸುವ ಅವಸರದಲ್ಲಿರುವವರು ಲಾರಿ ನಿಲ್ಲಿಸಿ, ಇಳಿದು, ನೀರಿಟ್ಟು ಹೋಗುತ್ತಾರೆ. ಇಂಥ ಚಾಲಕನೊಬ್ಬ ಇನ್ನೆರಡು ತಿರುವು ದಾಟಿ, ಹೆಬ್ಬೆರಳು ಚಾಚಿದ ಪರದೇಶಿಯ ಮುಂದೆ ಮತ್ತೆ ಲಾರಿ ನಿಲ್ಲಿಸಿದರೆ, ಅವೆರಡೂ ಅವನ ಪಾಲಿಗೆ ಒಂದೇ ಕೆಲಸವೋ ಬೇರೆ ಬೇರೆಯೋ? ಸ್ಪ್ಯಾನಿಷ್ ಚೆನ್ನಾಗಿ ಕಲಿತು, ಪಕ್ಕದ ಸೀಟಿನಲ್ಲಿ ಕೂತು, ಅವನನ್ನೇ ಕೇಳಬೇಕೆಂಬ ಆಸೆ ನನಗಿದೆ.